ಪಾರ್ಕಿಗೂ ಮೊದಲು ಮಣ್ಣಿನ ಪರೀಕ್ಷೆ

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಷಯ. ಕಾರ್ಖಾನೆಯೋ ಗಣಿಯೋ ಕಸದ ಗುಡ್ಡೆಯೋ ಇದ್ದ ಜಾಗ ಈಗ ಖಾಲಿಯಾಗಿದೆ, ಅಲ್ಲಿ ಊರಿಗೆ ಬೇಕಾದ್ದೇನಾದರೂ ಮಾಡಬಹುದಾ ಅಂತ ಕೇಳಿದ್ದೀರಿ. ಲ್ಯಾಬಿನಲ್ಲಿ ಮಣ್ಣು, ನೀರು ಪರೀಕ್ಷೆ ಮಾಡುತ್ತಲೇ ನಿವೃತ್ತಳಾದವಳು ನಾನು. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಬಡಾವಣೆ ಪೀಣ್ಯದ ಅಂಚಿನಲ್ಲಿದೆ. ಮೂಲೆಯ ಜಾಗದಲ್ಲಿ ಮುಂಚೆ ಎಲೆಕ್ಟ್ರೋಪ್ಲೇಟಿಂಗ್ (ಲೋಹದ ವಸ್ತುಗಳಿಗೆ ಇನ್ನೊಂದು ಲೋಹದ ಲೇಪ ಕೊಡುವ) ಶೆಡ್ ಇತ್ತು, ಈಗ ಕೆಡವಿದ್ದಾರೆ. ಅಲ್ಲಿ ಮಕ್ಕಳ ಪಾರ್ಕ್, ಪಕ್ಕದಲ್ಲಿ ಒಂದು ವಾಚನಾಲಯ ಬೇಕು ಅಂತ ನಿವಾಸಿಗಳೆಲ್ಲ ಸೇರಿ ಮನವಿ ಕೊಟ್ಟಿದ್ದೇವೆ. ಮಳೆ ಬಂದಾಗ ಅಲ್ಲಿ ನಿಲ್ಲುವ ನೀರು ಹಳದಿಯಾಗಿ ಕಾಣುತ್ತದೆ. ಕಂಟ್ರಾಕ್ಟರ್ ಮಾತ್ರ "ಒಂದಡಿ ಕೆಮ್ಮಣ್ಣು ಹಾಕಿ ಹುಲ್ಲು ಬೆಳೆಸಿದರೆ ಮುಗೀತು" ಅನ್ನುತ್ತಾರೆ. ಅಷ್ಟು ಸಾಕಾ ಮೇಡಂ? ಇನ್ನೂ ಏನಾದರೂ ಮಾಡಬೇಕಿದ್ದರೆ ದುಡ್ಡು ಯಾರು ಕೊಡಬೇಕು?
(ಓದುಗರು, ಪೀಣ್ಯ, ಬೆಂಗಳೂರು)

ಉತ್ತರ: ಸಾಕಾಗಲ್ಲ. ಪರೀಕ್ಷೆಯ ವರದಿ ಕೈಗೆ ಬರುವ ತನಕ ಒಂದು ಲೋಡ್ ಕೆಮ್ಮಣ್ಣನ್ನೂ ಒಳಗೆ ಬಿಡಬೇಡಿ. ಹಳೇ ಮಣ್ಣಿನ ಮೇಲೆ ಹೊಸ ಮಣ್ಣು ಬಿದ್ದರೆ ಎಲ್ಲಿ ಏನಿತ್ತು ಅಂತ ಆಮೇಲೆ ಹುಡುಕುವುದು ಕಷ್ಟ. ಸದ್ಯಕ್ಕೆ ಬೇಲಿ ಹಾಕಿಸಿ, ಮಕ್ಕಳು ಒಳಗೆ ಹೋಗದ ಹಾಗೆ ನೋಡಿಕೊಳ್ಳಿ.

ಹಳದಿ ನೀರು ಅಂದಿರಲ್ಲ, ಅದೇ ನನಗೆ ಚಿಂತೆ. ಕ್ರೋಮ್ ಪ್ಲೇಟಿಂಗ್‌ಗೆ ಬಳಸುವ ಕ್ರೋಮಿಕ್ ಆಸಿಡ್‌ನಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ಇದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಮಣ್ಣಿನೊಳಗೆ ಇಳಿದು ಬೋರ್‌ವೆಲ್ ತನಕ ಹೋಗುತ್ತದೆ. ಇದರಿಂದ ಕ್ಯಾನ್ಸರ್ ಬರುತ್ತದೆ ಅನ್ನುವುದು ಸಾಬೀತಾದ ವಿಷಯ. ಕ್ರೋಮಿಯಂನ ಇನ್ನೊಂದು ರೂಪ ಟ್ರೈವೇಲೆಂಟ್. ಅದು ಅಷ್ಟಾಗಿ ಕರಗಲ್ಲ, ಮಣ್ಣಿಗೇ ಅಂಟಿಕೊಂಡಿರುತ್ತದೆ, ಅಪಾಯವೂ ಬಹಳ ಕಡಿಮೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ದೇಶದ ಮಾನದಂಡ ಇದೆ. ನೀರು ಕಣ್ಣಿಗೆ ಹಳದಿಯಾಗಿ ಕಾಣುವ ಹೊತ್ತಿಗೆ ಆ ಮಿತಿಯನ್ನು ಎಷ್ಟೋ ಪಟ್ಟು ದಾಟಿರುತ್ತದೆ. ಬಣ್ಣ ಇಲ್ಲದ ನೀರು ಸುರಕ್ಷಿತ ಅಂತಲೂ ಅಲ್ಲ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿರುವುದು ಹೊಸ ಸುದ್ದಿಯೇನಲ್ಲ. ಸುತ್ತಮುತ್ತಲ ಮನೆಗಳಲ್ಲಿ ಬೋರ್‌ವೆಲ್ ನೀರು ಕುಡಿಯುತ್ತಿದ್ದರೆ ವರದಿ ಬರುವವರೆಗೆ ನಿಲ್ಲಿಸಿ. ಕುದಿಸಿದರೆ ಕ್ರೋಮಿಯಂ ಹೋಗಲ್ಲ.

ಮಾದರಿ ತೆಗೆಯುವ ವಿಚಾರಕ್ಕೆ ಬರೋಣ. ಇಲ್ಲೇ ಎಲ್ಲರೂ ಆತುರ ಮಾಡುವುದು. ನಾಲ್ಕು ಮೂಲೆಯಿಂದ ಒಂದೊಂದು ಹಿಡಿ ಮಣ್ಣು ತಂದು, ಎಲ್ಲ ಕಲಸಿ, ಒಂದೇ ಕವರಿನಲ್ಲಿ ಲ್ಯಾಬಿಗೆ ಕೊಡುತ್ತಾರೆ. ಹೊಲದ ಮಣ್ಣಿಗೆ ಅದು ಸರಿ. ಇಂಥ ಜಾಗಕ್ಕೆ ಬೇಡ. ವಿಷ ಜಾಗದ ತುಂಬ ಒಂದೇ ಸಮ ಹರಡಿರುವುದಿಲ್ಲ. ತೊಟ್ಟಿ ಇದ್ದ ಕಡೆ, ಮೋರಿ ಹೋದ ದಾರಿ, ಆಸಿಡ್ ಡ್ರಮ್ ಇಡುತ್ತಿದ್ದ ಗೋಡೆ ಬದಿ, ಕೆಸರು ತುಂಬಿದ ಚೀಲ ಪೇರಿಸುತ್ತಿದ್ದ ಮೂಲೆ, ಹೀಗೆ ಅಲ್ಲಲ್ಲಿ ಸೇರಿಕೊಂಡಿರುತ್ತದೆ. ಕಲಸಿದರೆ ಕೆಟ್ಟ ಮಣ್ಣು ಒಳ್ಳೆಯದರಲ್ಲಿ ಕರಗಿ ವರದಿ ಚೆನ್ನಾಗಿ ಬರುತ್ತದೆ, ಅಷ್ಟೆ. ಒಂದೊಂದು ಜಾಗದ್ದೂ ಬೇರೆ ಬೇರೆ ಇರಲಿ. ಮೇಲಿನ ಅರ್ಧ ಅಡಿಯದ್ದು ಒಂದು, ಅದರ ಕೆಳಗೆ ಅರ್ಧ ಮೀಟರ್, ಒಂದು ಮೀಟರ್ ಆಳದ್ದು ಪ್ರತ್ಯೇಕ. ಲ್ಯಾಬಿನವರಿಗೆ ಹೆಕ್ಸಾವೇಲೆಂಟ್ ಕ್ರೋಮಿಯಂ ಬೇರೆಯಾಗಿ ನೋಡಿ ಅಂತ ಬರೆದು ಕೊಡಿ. ಇಲ್ಲದಿದ್ದರೆ ಒಟ್ಟು ಲೆಕ್ಕ ಮಾತ್ರ ಕೊಟ್ಟು ಸುಮ್ಮನಾಗುತ್ತಾರೆ. ಜತೆಗೆ ನಿಕಲ್, ಕ್ಯಾಡ್ಮಿಯಂ, ಸತು, ಸೈನೈಡ್ ಕೂಡ ಕೇಳಿ. ಪ್ಲೇಟಿಂಗ್ ಶೆಡ್‌ಗಳಲ್ಲಿ ಇವೆಲ್ಲ ಬಳಕೆಯಲ್ಲಿದ್ದವೇ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಆಗಿರಲಿ. ನೀರಿನ ಬಾಟಲಿಯನ್ನು ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ.

ಎಲ್ಲಿ ಅಗೆಯಬೇಕು ಅಂತ ಹೇಳುವವರು ಯಾರು? ಆ ಶೆಡ್‌ನಲ್ಲಿ ಕೆಲಸ ಮಾಡಿದವರು. ಹುಡುಕಿದರೆ ಸಿಗುತ್ತಾರೆ, ಬಹುಶಃ ನಿಮ್ಮ ಬೀದಿಯಲ್ಲೇ ಇರುತ್ತಾರೆ. ಇಂಥದ್ದೇ ಒಂದು ಜಾಗಕ್ಕೆ ನಾವು ನಕ್ಷೆ ಹಿಡಿದುಕೊಂಡು ಹೋಗಿದ್ದೆವು. ನಕ್ಷೆಯಲ್ಲಿ ತೊಟ್ಟಿಗಳೆಲ್ಲ ರಸ್ತೆ ಕಡೆ ಇದ್ದವು. ಅಲ್ಲಿ ಕೆಲಸ ಮಾಡಿದ್ದ ಒಬ್ಬ ಹಿರಿಯರು ನಮ್ಮ ಜತೆ ಬಂದರು. ಅವರು ಆ ಕಡೆ ತಿರುಗಿಯೂ ನೋಡದೆ ಹಿಂಬದಿಯ ಹೊಂಗೆ ಮರದ ಹತ್ತಿರ ಹೋಗಿ ನಿಂತು, "ಬಾತ್ ಕೆಟ್ಟಾಗ ಇಲ್ಲಿ ಚೆಲ್ತಿದ್ವಿ ಮೇಡಂ" ಅಂದರು. ಬಾತ್ ಅಂದರೆ ಪ್ಲೇಟಿಂಗ್ ತೊಟ್ಟಿಯ ದ್ರಾವಣ. ತೋರಿಸಲು ಚಾಚಿದ ಕೈ ನೋಡಿದೆ. ಬೆರಳ ಗೆಣ್ಣುಗಳ ಮೇಲೆ ಸಣ್ಣ ಸಣ್ಣ ದುಂಡನೆ ಗುಳಿ. ಕ್ರೋಮಿಕ್ ಆಸಿಡ್ ತಾಗಿ ಆದ ಹುಣ್ಣು ಮಾಗಿದರೆ ಹಾಗೆ ಗುಳಿ ಉಳಿಯುತ್ತದೆ. ಅದರ ಹಬೆ ಕುಡಿದವರಿಗೆ ಮೂಗಿನ ನಡುಗೋಡೆಯೇ ತೂತಾಗುವುದುಂಟು. ನಾವು ಮೊದಲು ಅಗೆದದ್ದು ಆ ಮರದ ಬುಡದಲ್ಲಿ. ಒಂದು ಮೊಳ ಇಳಿಯುವಷ್ಟರಲ್ಲಿ ಮಣ್ಣು ಹಸಿರು ಮಿಶ್ರಿತ ಹಳದಿಯಾಗಿ ಬಂತು. ನಿಮ್ಮಲ್ಲಿ ಅಂಥ ಕೆಲಸಗಾರರು ಸಿಕ್ಕರೆ ಬರೀ ಮಾಹಿತಿ ಕೇಳಿ ಕಳಿಸಬೇಡಿ. ಅವರನ್ನು ವೈದ್ಯರಿಗೆ ತೋರಿಸುವುದೂ ನಿಮ್ಮ ಮನವಿಯಲ್ಲಿ ಸೇರಲಿ. ಆ ಜಾಗದ ವಿಷ ಮೊದಲು ಮುಟ್ಟಿದ್ದು ಅವರನ್ನು.

ವರದಿ ಬಂದ ಮೇಲೆ ಏನು ಮಾಡಬೇಕು ಅನ್ನುವುದು ಆ ಜಾಗವನ್ನು ಯಾರು ಬಳಸುತ್ತಾರೆ ಅನ್ನುವುದರ ಮೇಲಿದೆ. ಮಕ್ಕಳು ಮಣ್ಣಲ್ಲಿ ಆಡುತ್ತಾರೆ, ಅದೇ ಕೈಯನ್ನು ಬಾಯಿಗಿಡುತ್ತಾರೆ. ಅದಕ್ಕೇ ಪಾರ್ಕಿನ ಮಣ್ಣು ಗೋದಾಮಿನ ಮಣ್ಣಿಗಿಂತ ಎಷ್ಟೋ ಸ್ವಚ್ಛ ಇರಬೇಕು. ಸೀಸದ ವಿಷಯದಲ್ಲಿ ಅಮೆರಿಕ ವಸತಿ ಜಾಗಕ್ಕೆ ದಶಕಗಳ ಕಾಲ ಕಿಲೋ ಮಣ್ಣಿಗೆ 400 ಮಿಲಿಗ್ರಾಂ ಅಂತ ಇಟ್ಟುಕೊಂಡಿತ್ತು. 2024ರಲ್ಲಿ ಅದನ್ನು 200ಕ್ಕೆ ಇಳಿಸಿತು. ಮಕ್ಕಳ ಮಿದುಳಿನ ಮೇಲೆ ಸ್ವಲ್ಪ ಸೀಸವೂ ಪರಿಣಾಮ ಮಾಡುತ್ತದೆ ಅಂತ ಗೊತ್ತಾದ ಹಾಗೆಲ್ಲ ಮಿತಿ ಬಿಗಿಯಾಗುತ್ತಾ ಬಂತು. ನಿಮ್ಮಲ್ಲಿ ಹೆಚ್ಚು ಕೆಟ್ಟಿರುವ ಭಾಗವನ್ನು ಅಗೆದು ತೆಗೆಯಲೇಬೇಕಾಗಬಹುದು. ಹಾಗೆ ತೆಗೆದ ಮಣ್ಣು ಇನ್ನೊಂದು ಊರಿನ ಕೆರೆ ಏರಿಗೆ ಬೀಳಬಾರದು. ಅಪಾಯಕಾರಿ ತ್ಯಾಜ್ಯಕ್ಕಂತಲೇ ದಾಬಸ್‌ಪೇಟೆ ಬಳಿ ಭೂಭರ್ತಿ (ತ್ಯಾಜ್ಯ ಹೂಳುವ) ಜಾಗ ಇದೆ. ಲಾರಿ ಹೊರಟು ಅಲ್ಲಿಗೇ ತಲುಪಿತು ಅನ್ನುವುದಕ್ಕೆ ಮ್ಯಾನಿಫೆಸ್ಟ್ ಅಂತ ಕಾಗದ ಇರುತ್ತದೆ. ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ. ಅಷ್ಟಾಗಿ ಕೆಡದ ಭಾಗಕ್ಕೆ ಫೆರಸ್ ಸಲ್ಫೇಟ್, ಅಂದರೆ ಅನ್ನಭೇದಿ, ಬೆರೆಸಿ ಹೆಕ್ಸಾವೇಲೆಂಟನ್ನು ಟ್ರೈವೇಲೆಂಟ್ ಮಾಡುವ ವಿಧಾನ ಇದೆ. ಇದನ್ನು ತಿಳಿದವರು ಲೆಕ್ಕ ಹಾಕಿ ಮಾಡಬೇಕು. ಆಮೇಲೆ ಮತ್ತೆ ಪರೀಕ್ಷೆ ಆಗಬೇಕು. ಅಂಗಡಿಯಿಂದ ತಂದು ನೀವೇ ಸುರಿಯಬೇಡಿ. ಕೆಮ್ಮಣ್ಣಿನ ಸರದಿ ಬರುವುದು ಇದೆಲ್ಲ ಮುಗಿದ ಮೇಲೆ.

ದುಡ್ಡು ಯಾರದ್ದು ಅಂತಲೂ ಕೇಳಿದ್ದೀರಿ. ಕಲುಷಿತ ಜಾಗಗಳ ನಿರ್ವಹಣೆಗೆ ಅಂತಲೇ ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ನಿಯಮ ತಂದಿದೆ. ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಅನುಮಾನ ಇರುವ ಜಾಗಗಳ ಪಟ್ಟಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕು. ಮಂಡಳಿ ಮೊದಲ ಪರಿಶೀಲನೆ ಮಾಡಬೇಕು. ಕೆಡಿಸಿದವರು ಯಾರು ಅಂತ ಗೊತ್ತಾದರೆ ಖರ್ಚು ಅವರ ತಲೆಗೇ. ನಿಮ್ಮ ಪಾರ್ಕಿನ ಮನವಿ ಪಕ್ಕಕ್ಕಿಟ್ಟು, ಈ ಜಾಗವನ್ನು ಆ ಪಟ್ಟಿಗೆ ಸೇರಿಸಿ ಅನ್ನುವ ಮನವಿ ಮೊದಲು ಕೊಡಿ. ಹಳದಿ ನೀರಿನ ಫೋಟೊ ಲಗತ್ತಿಸಿ, ತಾರೀಖು ಹಾಕಿ, ಸ್ವೀಕೃತಿ ಪಡೆದುಕೊಳ್ಳಿ.

ಪ್ರಶ್ನೆ: ಹಳೇ ಕಾರ್ಖಾನೆ ಜಾಗ ಬಡಾವಣೆಯಾಗಿದೆ. ಸೈಟ್ ತಗೊಳ್ಳುವ ಆಲೋಚನೆ ಇದೆ. ಇ.ಸಿ., ಖಾತೆ ಎಲ್ಲ ಸರಿ ಇದೆ. ಇನ್ನೇನು ನೋಡಬೇಕು?
(ಓದುಗರು, ಹುಬ್ಬಳ್ಳಿ)

ಉತ್ತರ: ಇ.ಸಿ. ತೆಗೆಸಿದರೆ ಸಾಲ ಇದೆಯಾ ಅಂತ ಗೊತ್ತಾಗುತ್ತದೆ. ಅಲ್ಲಿ ಏನು ಸುರಿದಿದ್ದರು ಅಂತ ಗೊತ್ತಾಗಲ್ಲ. ಆ ಕಾರ್ಖಾನೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟಿದ್ದ ಸಮ್ಮತಿ ಪತ್ರದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಏನು ತಯಾರಿಸುತ್ತಿದ್ದರು, ಯಾವ ತ್ಯಾಜ್ಯ ಬರುತ್ತಿತ್ತು ಅಂತ ಅದರಲ್ಲಿ ಇರುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರ ಹಾಕಿ ನೋಡಿ. ಹೊಂಡ, ಗುಡ್ಡೆ ಎಲ್ಲಿದ್ದವು ಅಂತ ಕಾಣಬಹುದು.

ಕಾಗದದಲ್ಲಿ ಬರೆದಿದ್ದರೂ ಓದುವವರಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ನಯಾಗರ ಫಾಲ್ಸ್ ಊರಿನ ಲವ್ ಕೆನಾಲ್ ನೋಡಿ. ಹೂಕರ್ ಕೆಮಿಕಲ್ ಕಂಪನಿ ಅಲ್ಲಿನ ಹಳೇ ಕಾಲುವೆಯಲ್ಲಿ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಹೂತಿತ್ತು. 1953ರಲ್ಲಿ ಆ ಜಾಗವನ್ನು ಶಾಲಾ ಮಂಡಳಿಗೆ ಒಂದೇ ಡಾಲರಿಗೆ ಕೊಟ್ಟಿತು. ಇಲ್ಲಿ ತ್ಯಾಜ್ಯ ಹೂತಿದೆ, ಮುಂದೆ ಏನಾದರೂ ಆದರೆ ನಾವು ಹೊಣೆಯಲ್ಲ ಅಂತ ಕ್ರಯಪತ್ರದಲ್ಲೇ ಬರೆಸಿತ್ತು. ಆದರೂ ಶಾಲೆ ಕಟ್ಟಿದರು, ಸುತ್ತ ಮನೆಗಳೂ ಬಂದವು. 1970ರ ದಶಕದಲ್ಲಿ ನೆಲಮಾಳಿಗೆಗಳಿಗೆ ವಿಷ ಜಿನುಗಿತು. ಲೋಯಿಸ್ ಗಿಬ್ಸ್ ಅನ್ನುವ ತಾಯಿ ಬೀದಿಯ ಹೆಂಗಸರನ್ನೆಲ್ಲ ಸೇರಿಸಿ ಹೋರಾಡಿದರು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿ ನೂರಾರು ಕುಟುಂಬ ಜಾಗ ಬಿಟ್ಟವು. ಇಂಥ ವಿಷದ ಜಾಗಗಳನ್ನು ಸ್ವಚ್ಛ ಮಾಡಿಸುವ 1980ರ ಸೂಪರ್‌ಫಂಡ್ ಕಾನೂನು ಬರುವುದಕ್ಕೆ ಈ ಹೋರಾಟ ದೊಡ್ಡ ಕಾರಣ.

ಪರೀಕ್ಷೆ ಮಾಡಿಸಲು ಮಾರುವವರು ಒಪ್ಪದಿದ್ದರೆ ಆ ಸೈಟ್ ಬಿಟ್ಟುಬಿಡಿ.

ಪ್ರಶ್ನೆ: ನಾವು ಉರಿಗಾಂ ಕಡೆಯ ಲೈನ್ ಮನೆಯವರು (ಗಣಿ ಕಾರ್ಮಿಕರ ಸಾಲು ಮನೆಗಳು). ಬೇಸಿಗೆಯಲ್ಲಿ ಸೈನೈಡ್ ಗುಡ್ಡದ ಧೂಳು ಅನ್ನದ ತಟ್ಟೆಗೇ ಬೀಳುತ್ತದೆ. ಗುಡ್ಡದ ಮಣ್ಣಿನಿಂದ ಮತ್ತೆ ಚಿನ್ನ ತೆಗೀತಾರೆ, ಆಮೇಲೆ ಜಾಗ ಖಾಲಿಯಾಗುತ್ತೆ ಅನ್ನುತ್ತಿದ್ದಾರೆ. ಖಾಲಿಯಾದ ಮೇಲೆ ಅಲ್ಲಿ ಮನೆ, ಆಟದ ಮೈದಾನ ಮಾಡಬಹುದಾ?
(ಓದುಗರು, ಕೆ.ಜಿ.ಎಫ್.)

ಉತ್ತರ: ಗಣಿ ನಿಂತಿದ್ದು 2001ರಲ್ಲಿ. ಜಾನ್ ಟೇಲರ್ ಕಂಪನಿ 1880ರಲ್ಲಿ ಶುರು ಮಾಡಿದ ಕೆಲಸದಿಂದ ಉಳಿದ ಪುಡಿ ಇವತ್ತಿಗೂ ನಿಮ್ಮ ಮನೆ ಹಿಂದೆ ಇದೆ. 13 ಗುಡ್ಡಗಳು, ಸಾವಿರ ಎಕರೆಯಷ್ಟು ಜಾಗ. ಅವುಗಳಲ್ಲಿ ಉಳಿದಿರುವ ಚಿನ್ನ ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ.

ಅದಿರಿನಿಂದ ಚಿನ್ನ ಬಿಡಿಸಲು ಸೈನೈಡ್ ಬಳಸಿದ್ದರಿಂದ ಹೆಸರು ಸೈನೈಡ್ ಗುಡ್ಡ ಆದರೂ, ಆ ಸೈನೈಡ್ ಬಿಸಿಲು, ಗಾಳಿಗೆ ಕಾಲಕ್ರಮೇಣ ಒಡೆದು ಕಡಿಮೆಯಾಗುತ್ತದೆ. ಒಡೆಯದೆ ಉಳಿಯುವುದು ಲೋಹಗಳು ಮತ್ತು ಸಣ್ಣ ಕಲ್ಲಿನ ಪುಡಿ. ಅದಿರನ್ನು ಹಿಟ್ಟಿನ ಹಾಗೆ ಅರೆದಿದ್ದಾರೆ. ಆ ಪುಡಿಯ ಸಿಲಿಕಾ ಶ್ವಾಸಕೋಶದ ಒಳಗೆ ಹೋಗಿ ಕೂತರೆ ಹೊರಗೆ ಬರಲ್ಲ. ಸಿಲಿಕೋಸಿಸ್ ಏನು ಅಂತ ನಿಮ್ಮೂರಿನವರಿಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಅಪ್ಪ, ತಾತಂದಿರ ಕೆಮ್ಮು ನೀವೇ ಕೇಳಿದ್ದೀರಿ.

ಗುಡ್ಡ ಅಗೆಯಲು ಶುರು ಮಾಡಿದರೆ ಈಗಿನದಕ್ಕಿಂತ ಜಾಸ್ತಿ ಧೂಳು ಏಳಬಹುದು. ಹಾಗಾಗಿ ಯಂತ್ರ ಬರುವ ಮೊದಲೇ ಮೂರು ಕೆಲಸ ಆಗಬೇಕು. ಲೈನ್ ಮನೆಗಳ ಹತ್ತಿರ ಗಾಳಿಯ ಧೂಳು ಅಳೆದು ಬರೆದಿಡಬೇಕು, ಬಾವಿ ಬೋರ್‌ವೆಲ್ ನೀರಿನ ಪರೀಕ್ಷೆ ಆಗಬೇಕು, ಜನರ ಎದೆಯ ತಪಾಸಣೆ ಆಗಬೇಕು. ಮೊದಲು ಎಷ್ಟಿತ್ತು ಅಂತ ದಾಖಲೆ ಇಲ್ಲದಿದ್ದರೆ, ನಂತರ ಹೆಚ್ಚಾಯಿತು ಅಂತ ಯಾರ ಮುಂದೆಯೂ ಸಾಬೀತು ಮಾಡಲಾಗುವುದಿಲ್ಲ. ಚಿನ್ನ ತೆಗೆದ ಮೇಲೂ ಪುಡಿ ಮಾಯವಾಗಲ್ಲ. ಅಷ್ಟೂ ಟನ್ ಎಲ್ಲಿಗೋ ಹೋಗಲೇಬೇಕು. ಎಲ್ಲಿಗೆ ಅಂತ ಈಗಲೇ ಬರವಣಿಗೆಯಲ್ಲಿ ಕೇಳಿ.

ಖಾಲಿಯಾದ ನೆಲದಲ್ಲಿ ಮನೆ ಬೇಕೋ ಮೈದಾನ ಬೇಕೋ ಅನ್ನುವುದು ಆಮೇಲಿನ ಮಾತು. ನನ್ನನ್ನು ಕೇಳಿದರೆ, ಈಗಿರುವ ಗುಡ್ಡಗಳ ಮೇಲೆ ಇವತ್ತೇ ಹುಲ್ಲು ಹಿಡಿಸುವ ಕೆಲಸ ಆಗಬೇಕು. ಗೊಬ್ಬರ ಬೆರೆಸಿ, ಹುಳಿ ಹೆಚ್ಚಿದ್ದ ಕಡೆ ಸುಣ್ಣ ಹಾಕಿ, ಇಳಿಜಾರಿಗೆ ಅಡ್ಡಲಾಗಿ ಲಾವಂಚದ ಸಾಲು ನೆಟ್ಟರೆ ಬೇರು ಆಳಕ್ಕೆ ಇಳಿದು ಪುಡಿಯನ್ನು ಹಿಡಿದಿಡುತ್ತದೆ. ದೇಶಕ್ಕೆ ಇಷ್ಟು ಚಿನ್ನ ಕೊಟ್ಟ ಊರು ತಟ್ಟೆಯಲ್ಲಿ ಧೂಳು ತಿನ್ನುವುದು ನ್ಯಾಯವಲ್ಲ.

ಪ್ರಶ್ನೆ: ನಾವು ಸಿಯಾಟಲ್‌ನಲ್ಲಿದ್ದೇವೆ. ವಾರಾಂತ್ಯ ಗ್ಯಾಸ್ ವರ್ಕ್ಸ್ ಪಾರ್ಕಿಗೆ ಹೋಗುತ್ತೇವೆ. ಮಗಳು ಅಲ್ಲಿನ ದಿಬ್ಬದಲ್ಲಿ ಉರುಳಾಡುತ್ತಾಳೆ. ಆದರೆ ಕೆರೆಗೆ ಇಳಿಯುವಂತಿಲ್ಲ ಅಂತ ಬೋರ್ಡ್ ಇದೆ. ಪಾರ್ಕ್ ಶುದ್ಧ, ಕೆರೆ ಅಶುದ್ಧ ಅಂದರೆ ಹೇಗೆ ಆಂಟಿ?
(ಓದುಗರು, ಸಿಯಾಟಲ್)

ಉತ್ತರ: ನಿಮ್ಮ ಪಕ್ಕದಲ್ಲೇ ಈ ವಿಷಯದ ಒಳ್ಳೆಯ ಪಾಠಶಾಲೆ ಇದೆ ಮಗಾ. ಆ ಜಾಗದಲ್ಲಿ 1906ರಿಂದ 1956ರ ತನಕ ಕಲ್ಲಿದ್ದಲು, ಆಮೇಲೆ ಎಣ್ಣೆಯಿಂದ ಅನಿಲ ತಯಾರಿಸುತ್ತಿದ್ದರು. ಊರಿನ ಒಲೆಗಳೆಲ್ಲ ಆ ಅನಿಲದಲ್ಲೇ ಉರಿಯುತ್ತಿದ್ದವು. ಡಾಂಬರು, ಬೆಂಜೀನ್ ಎಲ್ಲ ನೆಲಕ್ಕೆ ಇಳಿದವು. 1962ರಲ್ಲಿ ನಗರ ಆ ಜಾಗ ಕೊಂಡಿತು. ವಿನ್ಯಾಸ ಮಾಡಿದ ರಿಚರ್ಡ್ ಹಾಗ್ ಎರಡು ಧೈರ್ಯದ ಕೆಲಸ ಮಾಡಿದರು. ಹಳೇ ಗೋಪುರಗಳನ್ನು ಕೆಡವಬೇಡಿ ಅಂದರು. ಮಣ್ಣನ್ನು ಪೂರ್ತಿ ಅಗೆದು ಸಾಗಿಸುವ ಬದಲು ಚರಂಡಿಯ ಕೆಸರುಗೊಬ್ಬರ, ಮರದ ಹೊಟ್ಟು ಬೆರೆಸಿ ಉಳುಮೆ ಮಾಡಿಸಿದರು. ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳು ಅದರಲ್ಲಿ ಬೆಳೆದವು. 1975ರಲ್ಲಿ ಪಾರ್ಕ್ ತೆರೆಯಿತು. ನಿಮ್ಮ ಮಗಳು ಉರುಳುವ ದಿಬ್ಬ ಕಾರ್ಖಾನೆಯ ಕಟ್ಟಡದ ಅವಶೇಷ ಗುಡ್ಡೆ ಹಾಕಿ, ಮೇಲೆ ಒಳ್ಳೆಯ ಮಣ್ಣು ಹೊದಿಸಿದ್ದು. ಬಾಯ್ಲರ್ ಇದ್ದ ಕಟ್ಟಡದಲ್ಲಿ ಇವತ್ತು ಜನ ಬುತ್ತಿ ಬಿಚ್ಚಿ ಊಟ ಮಾಡುತ್ತಾರೆ.

ಆದರೆ ಸೂಕ್ಷ್ಮಜೀವಿ ಎಲ್ಲವನ್ನೂ ತಿನ್ನಲಿಲ್ಲ. ಡಾಂಬರಿನ ಭಾರದ ಅಂಶಗಳು ಉಳಿದವು. 1984ರಲ್ಲಿ ಪರೀಕ್ಷೆಯ ನಂತರ ಪಾರ್ಕನ್ನು ಕೆಲ ಕಾಲ ಮುಚ್ಚಿದರು. ಮುಂದೆ ನೆಲದೊಳಗೆ ಗಾಳಿ ಊದಿ ಬೆಂಜೀನ್ ತೆಗೆಯುವ ವ್ಯವಸ್ಥೆ ಮಾಡಿದರು, ಮೇಲ್ಮಣ್ಣನ್ನೂ ಬಲಪಡಿಸಿದರು. ಯೂನಿಯನ್ ಕೆರೆಯ ತಳದ ಹೂಳಿನಲ್ಲಿ ಮಾತ್ರ ಹಳೇ ಡಾಂಬರು ಕೂತಿದೆ. ಬೋರ್ಡ್ ಇರುವುದು ಅದಕ್ಕೇ. ಹುಲ್ಲಿನ ಮೇಲೆ ಆಡುವುದಕ್ಕೆ ಹೆದರಬೇಡಿ, ನೀರಿಗೆ ಮಾತ್ರ ಇಳಿಸಬೇಡಿ. ಹುಲ್ಲು ಕಿತ್ತು ಮಣ್ಣು ಹೊರಬಂದ ಕಡೆ ಅಗೆದು ಆಡಲು ಬಿಡಬೇಡಿ, ಮನೆಗೆ ಬಂದ ಮೇಲೆ ಕೈ ತೊಳೆಸಿ. ನನಗೆ ಆ ಪಾರ್ಕಿನಲ್ಲಿ ಇಷ್ಟವಾಗುವುದು ಇದೇ: ಅಲ್ಲಿ ತೆರೆದ ಮೇಲೂ ಪರೀಕ್ಷೆ ನಿಲ್ಲಿಸಲಿಲ್ಲ, ಉಳಿದದ್ದನ್ನು ಬೋರ್ಡ್ ಹಾಕಿ ಹೇಳಿದ್ದಾರೆ. ನಮ್ಮಲ್ಲಿ ರಿಬ್ಬನ್ ಕತ್ತರಿಸಿದ ದಿನವೇ ಕಡತ ಮುಚ್ಚುವ ಅಭ್ಯಾಸ ಹೋಗಬೇಕು.

ಪ್ರಶ್ನೆ: ಸೂರ್ಯಕಾಂತಿ, ಸಾಸಿವೆ ಬೆಳೆಸಿದರೆ ಮಣ್ಣಿನ ವಿಷ ಹೀರಿಕೊಳ್ಳುತ್ತದೆ ಅಂತ ವಿಡಿಯೊದಲ್ಲಿ ನೋಡಿದೆ. ನಿಜವಾ?
(ಓದುಗರು, ಮೈಸೂರು)

ಉತ್ತರ: ಅರ್ಧ ನಿಜ. ಕೆಲವು ಗಿಡ ಕೆಲವು ಲೋಹವನ್ನು ಹೀರುತ್ತವೆ. ಪ್ಟೆರಿಸ್ ವಿಟಾಟ ಅನ್ನುವ ಜರೀಗಿಡ ಆರ್ಸೆನಿಕ್ ಅನ್ನು ಎಲೆಗಳಲ್ಲಿ ರಾಶಿ ರಾಶಿ ತುಂಬಿಕೊಳ್ಳುತ್ತದೆ ಅಂತ 2001ರಲ್ಲಿ ಫ್ಲೋರಿಡಾದ ವಿಜ್ಞಾನಿಗಳು ತೋರಿಸಿದರು. ನಮ್ಮಲ್ಲೂ ಹಳೇ ಗೋಡೆ ಸಂದಿಯಲ್ಲಿ ಅದು ಬೆಳೆಯುತ್ತದೆ. ಆದರೆ ಬೇರು ಇಳಿಯುವಷ್ಟು ಆಳಕ್ಕೆ ಮಾತ್ರ ಈ ಕೆಲಸ. ವರ್ಷಗಟ್ಟಲೆ ಹಿಡಿಯುತ್ತದೆ. ಸೀಸ ಮಣ್ಣಿಗೆ ಎಷ್ಟು ಗಟ್ಟಿಯಾಗಿ ಅಂಟಿರುತ್ತದೆ ಅಂದರೆ ಗಿಡಕ್ಕೆ ಸಿಗುವುದೇ ಕಡಿಮೆ. ವಿಷ ಹೀರಿದ ಗಿಡವನ್ನು ಹಸುವಿಗೆ ಹಾಕುವಂತಿಲ್ಲ, ಸುಡುವಂತಿಲ್ಲ, ಗೊಬ್ಬರ ಮಾಡುವಂತಿಲ್ಲ. ಅದೂ ಅಪಾಯಕಾರಿ ತ್ಯಾಜ್ಯವೇ. ವಿಡಿಯೊದಲ್ಲಿ ಆ ಭಾಗ ತೋರಿಸಿರಲ್ಲ ಅಲ್ವಾ?

ಪ್ರಶ್ನೆ: ನಮ್ಮೂರ ಹಳೇ ಕಸದ ಗುಡ್ಡವನ್ನು ಯಂತ್ರದಲ್ಲಿ ಜರಡಿ ಹಿಡಿದು ತೆರವು ಮಾಡುತ್ತಿದ್ದಾರೆ. ಕೆಳಗೆ ಬೀಳುವ ಕಪ್ಪು ಮಣ್ಣನ್ನು ಗೊಬ್ಬರ ಅಂತ ರೈತರಿಗೆ ಕೊಡುತ್ತಾರಂತೆ. ತಗೋಬಹುದಾ?
(ಓದುಗರು, ತುಮಕೂರು)

ಉತ್ತರ: ತೆರವು ಮಾಡುತ್ತಿರುವುದು ಒಳ್ಳೆಯದೇ. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂದಿದ್ದನ್ನು ನೋಡಿದ್ದೇವೆ. ಇಂದೋರ್ ನಗರ 2018ರಲ್ಲಿ ಸುಮಾರು 100 ಎಕರೆಯ ಕಸದ ಜಾಗವನ್ನು ಹೀಗೇ ಜರಡಿ ಹಿಡಿದು ಖಾಲಿ ಮಾಡಿ ಗಿಡ ನೆಟ್ಟಿತು.

ಕಪ್ಪು ಮಣ್ಣಿನ ವಿಷಯ ಬೇರೆ. ಆ ಗುಡ್ಡದಲ್ಲಿ ತರಕಾರಿ ಸಿಪ್ಪೆಯ ಜತೆ ಬ್ಯಾಟರಿ, ಟ್ಯೂಬ್‌ಲೈಟ್, ಬಣ್ಣದ ಡಬ್ಬ ಎಲ್ಲ ಒಟ್ಟಿಗೇ ಕೊಳೆತಿವೆ. ಅಂಗೈಯಲ್ಲಿ ಹಾಕಿಕೊಂಡು ಬಿಸಿಲಿಗೆ ಹಿಡಿದು ನೋಡಿ, ಗಾಜಿನ ಚೂರು ಮಿನುಗುತ್ತದೆ. ಲೋಹಗಳು ಹಾಗೆ ಕಾಣುವುದೂ ಇಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ಪಾದರಸ ಎಷ್ಟಿವೆ ಅನ್ನುವ ವರದಿಯನ್ನು ಆ ರಾಶಿಗೆ ಸಂಬಂಧಿಸಿದ್ದೇ ಅಂತ ಖಾತ್ರಿ ಮಾಡಿಕೊಂಡು ನೋಡಿ. ಗೊಬ್ಬರಕ್ಕೆ ಸರ್ಕಾರ ಗೊತ್ತು ಮಾಡಿದ ಮಿತಿಯೊಳಗೆ ಇದ್ದರೆ ಮಾತ್ರ ಹೊಲಕ್ಕೆ. ವರದಿ ಇಲ್ಲ ಅಂದರೆ ಅದೇ ಜಾಗದ ಹೊಂಡ ಮುಚ್ಚಲು ಬಳಸಿಕೊಳ್ಳಿ ಅಂತ ಹೇಳಿ ಲಾರಿ ವಾಪಸ್ ಕಳಿಸಿ.